ಕುಂಕುಮ ಹಚ್ಚಿದ ಡಬ್ಬಿ

ಪಾಪಿನಾಯಕನಹಳ್ಳಿಯ ಹಂಪಯ್ಯ ಹೊಸಪೇಟೆಯ ಸ್ಟೇಷನ್ ರಸ್ತೆಯ ಪಕ್ಕದ ಓಣಿಯಲ್ಲಿ ರಿಪೇರಿ ಅಂಗಡಿ ತೆರೆದದ್ದು ೧೯೮೬ನೆಯ ಇಸವಿ ನವೆಂಬರ್ ಒಂದನೆಯ ತಾರೀಖು, ಶನಿವಾರ. ೮೭ ಎಂದು ಹೇಳುವವರಿದ್ದಾರೆ, ಅದು ಸರಿಯಲ್ಲ. ೮೭ರಲ್ಲಿ ಬಂದದ್ದು ಅಂಗಡಿಯ ಹೆಸರಿನ ಫಲಕ ಮಾತ್ರ. ಬಳ್ಳಾರಿಯಲ್ಲಿ ಒಬ್ಬ ಸಾಹೇಬರ ಕೈಕೆಳಗೆ ರೇಡಿಯೊ ಬಿಚ್ಚಿ ಜೋಡಿಸುವುದನ್ನು ಕಲಿತು ಬಂದ ಅವನಿಗೆ ಆಗ ಇಪ್ಪತ್ತೈದು ವರ್ಷ. ಕೈ ಚುರುಕು, ಮಾತು ಕಡಿಮೆ. ಊರು ಅವನನ್ನು ನಂಬಿದ್ದು ಮಾತ್ರ ಕೈಯ ಚುರುಕಿಗಲ್ಲ. ೧೯೯೪ರ ಮಾರ್ಚಿನಲ್ಲಿ ನಿವೃತ್ತ ಹೆಡ್‌ಮಾಸ್ತರರೊಬ್ಬರ ರೇಡಿಯೊ ಅವನ ಮೇಜಿನ ಮೇಲೆ ಸುಟ್ಟುಹೋದಾಗ, "ಇದು ನನ್ನ ಕೈಯಾಗ ಸುಟ್ಟೈತ್ರಿ" ಎಂದು ತಾನೇ ಅವರ ಮನೆಗೆ ಹೋಗಿ ಹೇಳಿ, ಬೇರೊಂದನ್ನು ಜೋಡಿಸಿಕೊಟ್ಟಿದ್ದ. ಅಂದಿನಿಂದ ಯಾವ ಯಂತ್ರ ಯಾತಕ್ಕೆ ಕೆಟ್ಟಿತೆಂದು ಹಂಪಯ್ಯ ಹೇಳಿದರೆ ಆ ಓಣಿಯಲ್ಲಿ ಅದರ ಮೇಲೆ ಇನ್ನೊಂದು ಮಾತಿರಲಿಲ್ಲ.

ಆ ನಂಬಿಕೆಯೇ ಹದಿನೈದು ವರ್ಷಗಳ ಬಳಿಕ ಒಬ್ಬ ಹೆಂಗಸಿನ ತಲೆಯ ಮೇಲೆ ಕಲ್ಲಾಗಿ ಬಿತ್ತು.

೨೦೦೪ರಿಂದೀಚೆಗೆ ಹೊಸಪೇಟೆಯ ಬಣ್ಣವೇ ಬದಲಾಗಿತ್ತು. ಸಂಡೂರಿನ ಗುಡ್ಡಗಳಿಂದ ಅದಿರು ಹೊತ್ತ ಲಾರಿಗಳು ಹಗಲೆನ್ನದೆ ಇರುಳೆನ್ನದೆ ಇಳಿಯುತ್ತಿದ್ದವು. ಮರದ ಎಲೆ, ಒಣಹಾಕಿದ ಪಂಚೆ, ದೇವರ ಮನೆಯ ಹೊಸ್ತಿಲು, ಎಲ್ಲವೂ ಕೆಂಪು. ಲಾರಿ ತೂಗುವ ವೇಬ್ರಿಜ್ಜಿನ ಧೂಳು ನುಂಗಿದ ಅಂಕಿ ಫಲಕಗಳೂ ಗಣಿಯವರ ವೈರ್‌ಲೆಸ್ ಸೆಟ್ಟುಗಳೂ ಹಂಪಯ್ಯನ ಮೇಜಿಗೆ ಬಂದವು. ಅದೇ ಗುಡ್ಡಗಳು ಇನ್ನೊಂದು ಸಾಲನ್ನೂ ಪೇಟೆಗೆ ಕಳುಹಿಸುತ್ತಿದ್ದವು. ಕಲ್ಲು ಒಡೆಯುವ ಕ್ರಷರಿನ ಬಳಿ, ಬಂಡೆ ಕೊರೆಯುವ ಯಂತ್ರದ ಬಳಿ ನಿಂತು ಕಿವಿ ಕಳೆದುಕೊಂಡವರ ಸಾಲು ಅದು. ಅವರಿಗಾಗಿಯೇ ಎಂಬಂತೆ ೨೦೦೭ರ ಜುಲೈ ಎರಡರಂದು, ಸೋಮವಾರ, ಹಂಪಯ್ಯನ ಅಂಗಡಿಯಿಂದ ನಾಲ್ಕು ಮನೆ ಆಚೆಗೆ ಶ್ರೀಲಕ್ಷ್ಮಿ ಎಂಬ ಕಿವಿ ತಜ್ಞೆ ಒಂದು ಕೇಂದ್ರ ತೆರೆದರು. ಮೈಸೂರಿನಲ್ಲಿ ಓದಿ ಬಂದವರು. ಹೊಸಪೇಟೆಯ ಹಳೆಯ ವೈಷ್ಣವ ಮನೆತನದ ಸೊಸೆ. ವ್ಯವಹಾರವನ್ನೆಲ್ಲ ನೋಡಿಕೊಳ್ಳುತ್ತಿದ್ದವರು ಅವರ ಮಾವ, ಸರಕಾರಿ ಕಚೇರಿಯಿಂದ ನಿವೃತ್ತರಾದ ಗೋಪೀನಾಥರಾಯರು. ಕಸ ಗುಡಿಸಲು, ಬಂದವರನ್ನು ಕೂರಿಸಲು ಒಬ್ಬರು ಬೇಕೆಂದಾಗ ದುರುಗವ್ವನನ್ನು ಕರೆತಂದು ನಿಲ್ಲಿಸಿದವನು ಹಂಪಯ್ಯನೇ.

ದುರುಗವ್ವ ಸಂಡೂರು ತಾಲ್ಲೂಕಿನ ವಡ್ಡುವಿನವಳು. ಐವತ್ತರ ಆಸುಪಾಸಿನ, ಒಂಟಿ ಹೆಂಗಸು. ಹಿಂದೆ ಹಂಪಯ್ಯನ ಅಂಗಡಿಯ ಎದುರಿನ ಗಿರಣಿಯಲ್ಲಿ ಹಿಟ್ಟು ಜರಡಿ ಹಿಡಿಯುತ್ತಿದ್ದಳು. ಅಂದಿನಿಂದ ಅವನನ್ನು "ಅಣ್ಣ" ಎನ್ನುವ ರೂಢಿ. ಗಿರಣಿಯ ಗದ್ದಲದಲ್ಲಿ ದಿನವಿಡೀ ಮಾತಾಡಿದವಳಾದ್ದರಿಂದ ಕಿವುಡರೊಡನೆ ಹೇಗೆ ಮಾತಾಡಬೇಕೆಂಬುದು ಅವಳಿಗೆ ಯಾರೂ ಕಲಿಸದೆ ಬಂದಿತ್ತು: ಎದುರಿಗೆ ಕೂತು, ಕಣ್ಣಲ್ಲಿ ಕಣ್ಣಿಟ್ಟು, ತುಟಿಯನ್ನು ನಿಧಾನ ಆಡಿಸುವುದು. ಕೂಗುವುದಲ್ಲ. ಎರಡು ವರ್ಷದಲ್ಲಿ ಅವಳು ಕೇಂದ್ರದ ಅರ್ಧ ಬಲವಾಗಿದ್ದಳು. ನೀಲಿ ಕೋಟೊಂದನ್ನು ಸೀರೆಯ ಮೇಲೆ ಹಾಕಿಕೊಂಡು, ಗಣಿಯ ಮುದುಕರನ್ನು "ಬರ್ರಿ ಮಾವಾ, ಕುಂದ್ರಿ, ಇವತ್ತ ನಿಮ್ ಕಿವಿಗೆ ಮದಿವಿ" ಎಂದು ನಗಿಸುತ್ತ ಒಳಗೆ ಕರೆದೊಯ್ಯುತ್ತಿದ್ದಳು.

ಹೊಸ ಕಾಲದ ಕಿವಿ ಮಿಷಿನ್ನಿಗೆ ತಿರುವುವ ತಿರುಪು ಇಲ್ಲ. ಯಾರ ಕಿವಿಗೆ ಯಾವ ಸದ್ದು ಎಷ್ಟು ಬೇಕೆಂಬುದನ್ನು ಕಂಪ್ಯೂಟರಿನಿಂದ ಅದರೊಳಗೆ ತುಂಬಬೇಕು. ಕಂಪ್ಯೂಟರಿಗೂ ಕಿವಿ ಮಿಷಿನ್ನಿಗೂ ನಡುವೆ ಕುಳಿತು ಈ ತುಂಬುವ ಕೆಲಸ ಮಾಡುವುದು ಪುಸ್ತಕದ ಗಾತ್ರದ ಒಂದು ಬೂದು ಡಬ್ಬಿ. ಶ್ರೀಲಕ್ಷ್ಮಿಯವರು ಅದನ್ನು ಪ್ರೋಗ್ರಾಮರ್ ಎನ್ನುತ್ತಿದ್ದರು. ದುರುಗವ್ವನ ಬಾಯಲ್ಲಿ ಅದು "ತುಂಬೋ ಡಬ್ಬಿ". ಕೇಂದ್ರದಲ್ಲಿದ್ದುದು ಒಂದೇ. ಅದಿಲ್ಲದಿದ್ದರೆ ಎಂಥ ಬೆಲೆಬಾಳುವ ಕಿವಿ ಮಿಷಿನ್ನೂ ಕಿವಿಯ ಹಿಂದೆ ಸಿಕ್ಕಿಸಿದ ಹುಣಸೆ ಬೀಜಕ್ಕೆ ಸಮ.

೨೦೦೯ರ ಸೆಪ್ಟೆಂಬರ್ ೨೬, ಶನಿವಾರ, ಆಯುಧಪೂಜೆಯ ಹಿಂದಿನ ದಿನ, ಕೇಂದ್ರದ ಯುಪಿಎಸ್ ಬ್ಯಾಟರಿ ಬದಲಿಸಲು ಹಂಪಯ್ಯನಿಗೆ ಕರೆ ಬಂತು. ಹಬ್ಬದ ಕಾರಣ ಅಂದು ಯಾರಿಗೂ ಕಿವಿ ಮಿಷಿನ್ ತುಂಬುವ ಕೆಲಸವಿರಲಿಲ್ಲ. ಮಧ್ಯಾಹ್ನದ ಹೊತ್ತು, ಶ್ರೀಲಕ್ಷ್ಮಿಯವರು ಊಟಕ್ಕೆ ಹೋಗಿದ್ದರು. ಬ್ಯಾಟರಿಯ ಕೆಲಸ ಬೇಗನೆ ಅರ್ಧಕ್ಕೆ ಬಂತು. ದುರುಗವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ, "ಅಣ್ಣಾ, ನೀ ಮಾಡ್ತಿರು. ಬಿಸಿ ಮಿರ್ಚಿ ಬಿಡಾಕತ್ಯಾನ ಆ ಮೂಲಿಯಾಗ, ಚಾ ಸಮೇತ ತರ್ತೀನಿ" ಎಂದಳು.

"ಒಬ್ಬನ್ನ ಬಿಟ್ಟು ಹೊಂಟೆಲ್ಲ, ಏನಾರ ಹೊತ್ಕೊಂಡು ಹೋದ್ರ?"

"ಹೊತ್ಕೊಂಡು ಹೋಗು. ಕಿವ್ಯಾಗ ಇಟ್ಕ. ಜಂಬಕ್ಕತ್ತಿಗಿ ಬೈಯಾದು ಚಲೋತ್ನಾಗ ಕೇಳತೈತಿ" ಎಂದು ಅವನ ಹೆಂಡತಿಯ ಹೆಸರೆತ್ತಿ ನಗುತ್ತ ಹೋದಳು.

ಹಂಪಯ್ಯನ ಚೀಲದಲ್ಲಿ ಆ ದಿನಗಳಲ್ಲಿ ಒಂದು ಹೊಸ ಸಾಮಾನಿತ್ತು. ಜೂನ್ ತಿಂಗಳಲ್ಲಿ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದದ್ದು, ಚೀನಾದ್ದು, ಬೆರಳುದ್ದದ ಯುಎಸ್‌ಬಿ ತುಂಡು, ಎರಡು ಊಟದ ಬೆಲೆಗಿಂತ ತುಸು ಹೆಚ್ಚಷ್ಟೆ. ಎಂಟು ಕಾಲಿನ ಸಣ್ಣ ನೆನಪಿನ ಚಿಪ್‌ಗಳನ್ನು ಅದು ಓದುತ್ತಿತ್ತು, ಅಳಿಸುತ್ತಿತ್ತು, ಬರೆಯುತ್ತಿತ್ತು. ಚಿಪ್ ಅನ್ನು ಬೋರ್ಡಿನಿಂದ ಕೀಳಬೇಕಾಗಿಯೂ ಇರಲಿಲ್ಲ. ಬಟ್ಟೆಯ ಕ್ಲಿಪ್ಪಿನಂಥದೊಂದನ್ನು ಅದರ ಕಾಲುಗಳ ಮೇಲೆ ಕಚ್ಚಿಸಿದರೆ ಸಾಕು. ನಲವತ್ತೆಂಟರ ಹಂಪಯ್ಯ ಮೂರು ತಿಂಗಳಿಂದ ಆ ಆಟಿಕೆಯ ಮೋಹದಲ್ಲಿದ್ದ. ಹಳೆಯ ಟಿವಿ, ಡಿವಿಡಿ, ವೇಬ್ರಿಜ್ಜಿನ ಫಲಕ, ಕಂಡಕಂಡದ್ದರ ಹೊಟ್ಟೆ ಬಗೆದು ಓದಿಟ್ಟುಕೊಂಡಿದ್ದ. ಈಗ ಎದುರಿಗೆ, ಯಾರೂ ಇಲ್ಲದ ಕೋಣೆಯಲ್ಲಿ, ಬೂದು ಡಬ್ಬಿ ಕುಳಿತಿತ್ತು.

ಡಬ್ಬಿಯ ಬೆನ್ನಿನ ತಿರುಪಿನ ಮೇಲೆ ಕಂಪನಿಯ ಕಾಗದದ ಸೀಲಿತ್ತು. ಸೋಲ್ಡರಿಂಗ್ ಐರನ್ನಿನ ಬಿಸಿಯನ್ನು ಹತ್ತಿರಕ್ಕೆ ಹಿಡಿದು, ಅಂಟು ಮೆತ್ತಗಾದೊಡನೆ ಸೀಲನ್ನು ಹರಿಯದಂತೆ ಎತ್ತುವುದು ಅವನಿಗೆ ಬರುತ್ತಿತ್ತು. ಎತ್ತಿದ. ಒಳಗೆ ನೋಡಿದ. ಮೂಲೆಯಲ್ಲಿ ಎಂಟು ಕಾಲಿನ ಚಿಪ್. ಕಂಪ್ಯೂಟರಿಗೆ ಸಿಕ್ಕಿಸಿದ ಕೂಡಲೇ ಡಬ್ಬಿ ತಾನು ಯಾರೆಂದು ಹೇಳಿಕೊಳ್ಳಬೇಕಲ್ಲ, ಆ ಪರಿಚಯ ಇರುವುದು ಅದರಲ್ಲೇ ಎಂದು ಅವನಿಗೆ ಹೊಳೆಯಿತು. ತನ್ನ ಹಳೆಯ ಲ್ಯಾಪ್‌ಟಾಪನ್ನು ಗೋಡೆಯ ಕರೆಂಟಿಗೆ ಸಿಕ್ಕಿಸಿ, ಕ್ಲಿಪ್ ಕಚ್ಚಿಸಿ, ಚಿಪ್ಪಿನಲ್ಲಿದ್ದುದನ್ನೆಲ್ಲ ಓದಿ ಉಳಿಸಿಕೊಂಡ. ಅಲ್ಲಿಗೆ ನಿಂತಿದ್ದರೆ ಈ ಕಥೆಯಿಲ್ಲ. ಓದಲು ಬಂದದ್ದು ಬರೆಯಲೂ ಬರುವುದೇ ಎಂದು ಪರೀಕ್ಷಿಸುವ ಚಪಲ ಬಂತು. ಓದಿದ್ದನ್ನೇ ಮರಳಿ ಬರೆಯುವುದು ತಾನೆ, ಏನು ಹೋದೀತು ಎಂದು ಗುಂಡಿ ಒತ್ತಿದ. ಆ ಸಾಧನ ಮೊದಲು ಅಳಿಸುತ್ತದೆ, ಆಮೇಲೆ ಬರೆಯುತ್ತದೆ. ಅಳಿಸಿತು. ಬರೆಯುವ ಮೊದಲು ಕರೆಂಟು ಹೋಯಿತು.

ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ವರ್ಷವಾಗಿತ್ತು. ಯುಪಿಎಸ್ಸು ಅವನ ಕಾಲ ಬಳಿಯೇ ಹೊಟ್ಟೆ ತೆರೆದುಕೊಂಡು ಬಿದ್ದಿತ್ತು.

ಕತ್ತಲಾದ ಪರದೆಯ ಮುಂದೆ ಅವನು ಕರೆಂಟು ಬಂದೀತೆಂದು ಕಾದ. ಬರಲಿಲ್ಲ. ಓಣಿಯಲ್ಲಿ ಗೋಪೀನಾಥರಾಯರ ಕೆಮ್ಮು ಕೇಳಿಸಿತು. ಹಂಪಯ್ಯನ ಕೈಗಳು ತಾವಾಗಿಯೇ ಡಬ್ಬಿಯನ್ನು ಮುಚ್ಚಿ, ಸೀಲನ್ನು ಉಗುರಿನಿಂದ ತೀಡಿ, ಇದ್ದಲ್ಲಿಯೇ ಇಟ್ಟವು. ದುರುಗವ್ವ ತಂದ ಮಿರ್ಚಿಯನ್ನು ಅವನು ತಿಂದ, ರುಚಿ ತಿಳಿಯಲಿಲ್ಲ. ಯುಪಿಎಸ್ ಮುಗಿಸಿ ಹೊರಡುವಾಗ ಮನಸ್ಸಿಗೆ ತಾನೇ ಒಂದು ಸಮಾಧಾನ ಹೇಳಿಕೊಂಡ: ನಾಳೆ ಆಯುಧಪೂಜೆ, ನಾಡಿದ್ದು ವಿಜಯದಶಮಿ, ಮಂಗಳವಾರ ಬೆಳಿಗ್ಗೆ ಬ್ಯಾಟರಿ ನೋಡುವ ನೆಪದಲ್ಲಿ ಬಂದು ಸದ್ದಿಲ್ಲದೆ ಬರೆದುಬಿಟ್ಟರಾಯಿತು.

ಭಾನುವಾರ ದುರುಗವ್ವ ಕೇಂದ್ರದ ಬಾಗಿಲು ತೆಗೆಸಿ ಪೂಜೆ ಮಾಡಿದಳು. ಗಣಿಯ ಲಾರಿಗೆ, ಗಿರಣಿಯ ಕಲ್ಲಿಗೆ, ಹಂಪಯ್ಯನ ಇಕ್ಕಳಕ್ಕೆ ಆದ ಪೂಜೆ ತುಂಬುವ ಡಬ್ಬಿಗೆ ಆಗದಿರುವುದುಂಟೇ? ಅದನ್ನು ಮಣೆಯ ಮೇಲಿಟ್ಟು, ಅರಿಸಿನ ಕುಂಕುಮ ಹಚ್ಚಿ, ಸೇವಂತಿಗೆ ಏರಿಸಿ, ಹೂವನ್ನು ನೀರಿನಲ್ಲಿ ಅದ್ದಿ ಮೂರು ಸಲ ಚಿಮುಕಿಸಿದಳು. ಶ್ರೀಲಕ್ಷ್ಮಿಯವರೇ ಮಂಗಳಾರತಿ ಎತ್ತಿದ್ದರು.

ಮಂಗಳವಾರ, ೨೯ನೆಯ ತಾರೀಖು, ಹಂಪಯ್ಯ ಬಂದು ಮುಟ್ಟುವ ಮೊದಲೇ ಕೇಂದ್ರ ತೆರೆದಿತ್ತು. ಕಂಪ್ಲಿಯಿಂದ ತಾಯಕ್ಕ ಎಂಬ ಮುದುಕಿ ಹೊಸ ಕಿವಿ ಮಿಷಿನ್ ತುಂಬಿಸಿಕೊಳ್ಳಲು ಮೊದಲ ಬಸ್ಸಿಗೇ ಬಂದು ಕುಳಿತಿದ್ದಳು. ಡಬ್ಬಿಯನ್ನು ಸಿಕ್ಕಿಸಿದರೆ ಕಂಪ್ಯೂಟರು ಇದು ಯಾವುದೋ ಗೊತ್ತಿಲ್ಲದ ವಸ್ತು ಎನ್ನುತ್ತಿತ್ತು. ಮೇಜಿನ ಸುತ್ತ ಎಲ್ಲರೂ ನಿಂತಿದ್ದರು. ಡಬ್ಬಿಯ ಗಾಳಿಕಿಂಡಿಯ ಮೇಲೆ ಕುಂಕುಮ ಒಣಗಿ ಕಂದಿತ್ತು.

"ಬರ್ರಿ ಹಂಪಯ್ಯ" ಎಂದರು ಗೋಪೀನಾಥರಾಯರು. "ನೀವು ತಿಳಿದವರು, ನೀವೇ ಹೇಳ್ರಿ. ಶುಕ್ರವಾರ ಛಲೋ ನಡೀತಿತ್ತು. ಈಕಿ ಭಾನುವಾರ ನೀರು ಹೊಡದಾಳ. ನೀರು ಒಳಗ ಹೋಗೇ ಕೆಟ್ಟದ, ಹೌದಲ್ಲೋ?"

ದುರುಗವ್ವ ಹಂಪಯ್ಯನ ಮುಖವನ್ನು ನೋಡಿದಳು. ಕಿವುಡರ ತುಟಿ ನೋಡುವ ಅಭ್ಯಾಸದವಳು. ಅವನ ತುಟಿಯನ್ನೇ ನೋಡುತ್ತಿದ್ದಳು.

"ಇರಬಹುದ್ರಿ" ಎಂದ ಹಂಪಯ್ಯ.

ಒಂದೇ ಮಾತು. ಆ ಓಣಿಯಲ್ಲಿ ಹಂಪಯ್ಯನ ಒಂದು ಮಾತೇ ಸಾಕಾಗಿತ್ತು. ಗಾಬರಿಯಲ್ಲಿ ಅವನು, "ನಾ ಒಮ್ಮೆ ತಗದು ನೋಡ್ಲೇನ್ರಿ?" ಎಂದು ಸೇರಿಸಿದ.

"ಛೇ ಛೇ, ಮುಟ್ಟಬ್ಯಾಡ್ರಿ! ಕಂಪನಿ ಸೀಲ್ ಅದ. ಯಾರರೆ ತಗದಾರ ಅಂತ ಗೊತ್ತಾದ್ರ ವಾರಂಟಿ ಹೋಗ್ತದ" ಎಂದು ರಾಯರು ಡಬ್ಬಿಯನ್ನು ಎದೆಗವಚಿಕೊಂಡರು. ಹಂಪಯ್ಯ ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡ.

ಡಬ್ಬಿ ಬೆಂಗಳೂರಿನ ಕಂಪನಿಗೆ ಹೋಯಿತು. ದುರುಗವ್ವನನ್ನು ಯಾರೂ ಹೊರಗೆ ಅಟ್ಟಲಿಲ್ಲ. ರಾಯರು, "ಅದು ಸರಿಯಾಗೋ ತನಕ ನೀ ಒಳಗ ಬರಬ್ಯಾಡವ್ವ" ಎಂದರಷ್ಟೆ. ಅವಳು ನೀಲಿ ಕೋಟನ್ನು ಮಡಿಸಿ ಕುರ್ಚಿಯ ಮೇಲಿಟ್ಟು, ತಾಯಕ್ಕನ ಎದುರು ಕೂತು, ತುಟಿಯನ್ನು ನಿಧಾನ ಆಡಿಸಿ, "ನನ್ನಿಂದ ತಪ್ಪಾತು ಯವ್ವಾ" ಎಂದು ಹೇಳಿ ಹೋದಳು.

ಆ ವಾರ ಹಿಂದೆಂದೂ ಕಾಣದ ಮಳೆ ಹಿಡಿಯಿತು. ಹೊಳೆ ತುಂಬಿ ಕಂಪ್ಲಿಯ ಸೇತುವೆ ಮುಳುಗಿತು. ಆಚೆ ದಡದವರು ಆಚೆಯೇ ಉಳಿದರು. ಹಂಪಯ್ಯ ಅಂಗಡಿಯಲ್ಲಿ ಕೂತು ಸೋರುವ ಮಾಡನ್ನು ನೋಡುತ್ತಿದ್ದ. ಉಳಿಸಿಕೊಂಡ ಪ್ರತಿ ಅವನ ಲ್ಯಾಪ್‌ಟಾಪಿನಲ್ಲೇ ಇತ್ತು. ಕ್ಲಿಪ್ ಕಚ್ಚಿಸಿ ಗುಂಡಿ ಒತ್ತುವ ಕೆಲಸ. ಆದರೆ ಅಳಿಸಿಹೋದ ಪರಿಚಯ ನಿನ್ನ ಬಳಿಗೆ ಹೇಗೆ ಬಂತು ಎಂದು ಯಾರಾದರೂ ಕೇಳಿದರೆ, ಅದಕ್ಕೆ ಸತ್ಯವಾದ ಉತ್ತರ ಒಂದೇ ಇತ್ತು: ಕೆಡುವ ಮೊದಲೇ ನಾನು ತೆರೆದಿದ್ದೆ. ಮದ್ದೇ ಕಳ್ಳತನದ ಸಾಕ್ಷಿಯಾಗಿ ಕೂತಿತ್ತು.

ಜಂಬಕ್ಕ ಒಂದು ರಾತ್ರಿ ರೊಟ್ಟಿ ಬಡಿಸುತ್ತ, "ಪಾಪ, ದುರುಗವ್ವ ವಡ್ಡಿಗೆ ಅಕ್ಕನ ಮನಿಗೆ ಹೋದ್ಲಂತ. ನೀವೇ ಹೇಳಿದ್ರೆಲ್ಲ, ನೀರಿಂದ ಕೆಟ್ಟೈತಿ ಅಂತ. ದ್ಯಾವರ ಪೂಜಿಗೂ ಒಂದ್ ಲೆಕ್ಕ ಬ್ಯಾಡೇನು ಆಕಿಗೆ?" ಎಂದಳು. ಹಂಪಯ್ಯ ರೊಟ್ಟಿ ಬಿಟ್ಟು ಎದ್ದ. "ಏನಾತು?" ಎಂದರೆ "ಹೊಟ್ಟಿ ಸರಿಯಿಲ್ಲ" ಎಂದ.

ಅಕ್ಟೋಬರ್ ಎಂಟು, ಗುರುವಾರ, ಡಬ್ಬಿ ಹಿಂದಿರುಗಿತು. ಕಂಪನಿಯವರು ಕಿಂಡಿಯ ಮೇಲಿನ ಕುಂಕುಮವನ್ನು ನೋಡಿದವರೇ ಮುಂದಕ್ಕೆ ಹೋಗುವ ಶ್ರಮ ತೆಗೆದುಕೊಂಡಿರಲಿಲ್ಲ: ದ್ರವ ಸೇರಿದೆ, ವಾರಂಟಿ ಇಲ್ಲ, ಹೊಸತನ್ನು ಕೊಳ್ಳಿ. ಮರುದಿನ ಶ್ರೀಲಕ್ಷ್ಮಿಯವರು ಹಂಪಯ್ಯನನ್ನು ಕರೆದು, "ಇನ್ನ ಹೋಗೋದೇನೂ ಉಳಿದಿಲ್ಲ, ನೀವೇ ತಗದು ನೋಡ್ರಿ" ಎಂದರು. ಈಗ ಅವನಿಗೆ ಬೇಕಾದಷ್ಟು ಅವಕಾಶ. ಒಳಗೆ ಒರೆಸಿದೆ, ಒಣಗಿಸಿದೆ, ಎದ್ದಿತು ಎಂದರೆ ಮುಗಿಯಿತು, ಹೊಗಳಿಕೆ ಬೇರೆ. ಆದರೆ ಆಗ ನೀರಿನ ಮಾತು ಶಾಶ್ವತವಾಗಿ ನಿಲ್ಲುತ್ತಿತ್ತು. ದುರುಗವ್ವ ಹಿಂದೆ ಬಂದರೂ ಮಿಷಿನ್ ಕೊಂದವಳಾಗಿಯೇ ಬರುತ್ತಿದ್ದಳು. "ನಾಳೆ ಬರ್ತೀನ್ರಿ" ಎಂದು ಅವನು ಅಂದೇ ಸಂಡೂರಿನ ಬಸ್ಸು ಹತ್ತಿದ. ಮೊದಲು ಅವಳಿಗೆ ಹೇಳಬೇಕು, ಆಮೇಲೆ ಉಳಿದವರಿಗೆ ಎಂಬುದು ಅವನ ಲೆಕ್ಕ.

ವಡ್ಡುವಿನಲ್ಲಿ ದುರುಗವ್ವನ ಅಕ್ಕ ಹುಲುಗಮ್ಮನ ಮನೆ ಲಾರಿ ರಸ್ತೆಗೆ ಅಂಟಿಕೊಂಡಂತಿತ್ತು. ಪಕ್ಕದಲ್ಲೇ ಚಹಾದಂಗಡಿ, ಅದರ ಮುಂದೊಂದು ಕಟ್ಟೆ. ಕಟ್ಟೆಯ ಮೇಲಿದ್ದವನೊಬ್ಬ ದಾರಿ ತೋರಿಸುತ್ತ, "ಯಾರು, ಮಿಷಿನ್ನಿಗೆ ಜಳಕ ಮಾಡ್ಸಿದ ದುರುಗವ್ವನ?" ಎಂದ. ಉಳಿದವರು ನಕ್ಕರು. ಹುಲುಗಮ್ಮ ಬಾಗಿಲಲ್ಲೇ ಹೇಳಿದಳು: "ಬರ್ರಿ. ಒಳಗ ಅದಾಳ. ಮಗನ ಮೊಬೈಲು, ಟಿವಿ ಎಲ್ಲಾ ಎತ್ತಿಟ್ಟೀನಿ ನಾ, ಈಕಿ ಕೈ ಭಾಳ ಜೋರು!" ತಮಾಷೆಯೇ. ಆದರೆ ಟಿವಿಯ ಮೇಲೆ ನಿಜಕ್ಕೂ ಹಾಸಿಗೆಯ ಚಾದರ ಹೊದಿಸಿತ್ತು.

ದುರುಗವ್ವ ಸೊರಗಿದ್ದಳು. ಹಂಪಯ್ಯ ಬಾಯಿ ತೆರೆಯುವ ಮೊದಲೇ, "ಅಣ್ಣಾ, ನೀ ಯಾಕ ಬಂದಿ? ನಾನಾ ಬಂದು ನಿನ್ ಕಾಲು ಬೀಳಬೇಕಂತಿದ್ದೆ" ಎಂದಳು.

"ನನ್ ಕಾಲ್ಯಾಕ?"

"ನೀ ತಂದು ಹಚ್ಚಿದ ಕೆಲ್ಸ. ನಿನ್ ಹೆಸರಿಗೂ ಮಸಿ ಬಳದೆ. ಅವತ್ತ ರಾಯರು ಕೇಳಿದ್ರೆಲ್ಲ, ನೀ 'ಹೌದು, ಈಕೀನ ಕೆಡಿಸ್ಯಾಳ' ಅನ್ಲಿಲ್ಲ. ಇರಬಹುದು ಅಂದಿ. ನನ್ನ ಉಳಸಾಕ ಹಂಗಂದಿ ಅಂತ ನನಗ ಗೊತ್ತಾತು ಬಿಡು."

ಹಂಪಯ್ಯ ಚಾದರ ಹೊದ್ದ ಟಿವಿಯ ಕಡೆಗೆ ಮುಖ ತಿರುಗಿಸಿದ. ಅವಳು ಮುಂದುವರಿಸಿದಳು: "ಜಂಬುನಾಥನ ಗುಡ್ಡ ಹತ್ತಿ ತಪ್ಪು ಕಾಣಿಕಿ ಹಾಕಿ ಬಂದೀನಿ. ಡಬ್ಬಿ ಏಳೋತನ ರಾತ್ರಿ ಊಟ ಬಿಟ್ಟೀನಿ. ಆ ಕಂಪ್ಲಿ ಮುದುಕಿ ಮಕ ಕಣ್ಣಿಗೆ ಕಟ್ಟತೈತಿ ಅಣ್ಣಾ. ಹೊಸಾ ಮಿಷಿನ್ನು ಕಿವ್ಯಾಗ ಇಟ್ಕೊಂಡು, ಏನೂ ಕೇಳಂಗಿಲ್ಲ ಅಂತ ಕುಂತಿತ್ತು. ನಾನಾ ಮಾಡಿದ್ದು."

ಅವನು ಮಾತು ಕೂಡಿಸಿಕೊಂಡ. "ದುರುಗವ್ವ, ಅದು..." ಎಂದ. ಹೊರಗೆ ಅದಿರಿನ ಲಾರಿಗಳ ಸಾಲೊಂದು ಹಾದುಹೋಯಿತು, ಗೋಡೆ ನಡುಗಿತು. ಸದ್ದು ನಿಂತಾಗ ಅವನ ಬಾಯಿಂದ ಬಂದದ್ದು, "ನಾಳೆ ಅದನ್ನ ರಿಪೇರಿ ಮಾಡ್ತೀನಿ. ನೀ ಬಾ" ಎಂಬುದಷ್ಟೆ. ಅವಳ ಕಣ್ಣಲ್ಲಿ ನೀರು ಬಂತು. ಹಿಂದಿರುಗುವ ಬಸ್ಸಿನಲ್ಲಿ ಹಂಪಯ್ಯ ಎದುರಿನ ಸೀಟಿನ ಕಂಬಿಗೆ ಹಣೆಯಿಟ್ಟು ಕೂತುಬಿಟ್ಟ. ಒಂದು ತಪ್ಪು ಕೈಯದು. ಅದನ್ನು ಕರೆಂಟಿನ ಮೇಲೆ ಹಾಕಬಹುದು. ಎರಡನೆಯದು ನಾಲಿಗೆಯದು. ಈಗ ಮೂರನೆಯದೂ ಆಗಿತ್ತು: ಅವಳ ಕೃತಜ್ಞತೆಯನ್ನು ಅವನು ಸುಮ್ಮನೆ ತೆಗೆದುಕೊಂಡು ಬಂದಿದ್ದ.

ಅಕ್ಟೋಬರ್ ಹತ್ತು, ಶನಿವಾರ. ಕೇಂದ್ರದ ಮೇಜಿನ ಮೇಲೆ ಡಬ್ಬಿ. ಒಂದು ಕಡೆ ಶ್ರೀಲಕ್ಷ್ಮಿ, ಇನ್ನೊಂದು ಕಡೆ ರಾಯರು. ತಾಯಕ್ಕನಿಗೂ ಹೇಳಿಕಳಿಸಿದ್ದರು, ಗೋಡೆಗೊರಗಿ ಕೂತಿದ್ದಳು. ದುರುಗವ್ವ ಎಷ್ಟು ಕರೆದರೂ ಹೊಸ್ತಿಲು ದಾಟಲಿಲ್ಲ. "ನಾ ಇಲ್ಲೇ ಇರ್ತೀನ್ರಿ. ಅದರ ಹತ್ರ ಬರಂಗಿಲ್ಲ" ಎಂದು ಚೌಕಟ್ಟು ಹಿಡಿದು ನಿಂತಿದ್ದಳು.

ಹಂಪಯ್ಯ ಸೀಲನ್ನು ಈ ಸಲ ಹರಿದೇ ತೆಗೆದ. ಒಳಗೆ ಬೋರ್ಡು ಒಣಗಿತ್ತು, ಹಸಿರು ಹೊಳಪು ಹಾಗೆಯೇ ಇತ್ತು. ನೀರಿನ ಗುರುತು ಎಲ್ಲಿಯೂ ಇಲ್ಲ. ಕುಂಕುಮ ಕಿಂಡಿಯ ತುದಿಯಲ್ಲೇ ನಿಂತಿತ್ತು. ಕ್ಲಿಪ್ಪನ್ನು ಎಂಟು ಕಾಲುಗಳ ಮೇಲೆ ಕಚ್ಚಿಸಿ, ಬೆರಳುದ್ದದ ತುಂಡನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿದ. ಮೊದಲು ಚಿಪ್ಪಿನಲ್ಲಿ ಈಗ ಏನಿದೆಯೆಂದು ಓದಿ ತೋರಿಸಿದ. ಪರದೆಯ ತುಂಬ ಒಂದೇ ಅಕ್ಷರ, ಸಾಲು ಸಾಲಾಗಿ. ಬರಿದು. ಆಮೇಲೆ ಉಳಿಸಿಟ್ಟ ಪ್ರತಿಯನ್ನು ತೆರೆದು ಬರೆಯಲು ಹೇಳಿದ. ಬರೆಯಿತು. ಬರೆದದ್ದನ್ನು ಮತ್ತೆ ಓದಿ ತಾಳೆ ನೋಡಿತು. ಸರಿಹೊಂದಿತು. ಡಬ್ಬಿಯನ್ನು ಕೇಂದ್ರದ ಕಂಪ್ಯೂಟರಿಗೆ ಸಿಕ್ಕಿಸಿದಾಗ ಅದರ ಹಸಿರು ದೀಪ ಎರಡು ಸಲ ಮಿನುಗಿ ನಿಂತಿತು. ಪರದೆಯ ಮೇಲೆ ಅದರ ಹೆಸರು ಬಂತು.

"ಎದ್ದಿತು!" ಎಂದು ರಾಯರು ಹಂಪಯ್ಯನ ಬೆನ್ನು ತಟ್ಟಿದರು. "ಬೆಂಗಳೂರಿನವರಿಗೆ ಆಗದ್ದು ನಮ್ಮ ಓಣ್ಯಾಗ ಆತು!"

ಶ್ರೀಲಕ್ಷ್ಮಿಯವರು ಮಾತ್ರ ಹುಬ್ಬು ಗಂಟಿಕ್ಕಿ ಲ್ಯಾಪ್‌ಟಾಪನ್ನೇ ನೋಡುತ್ತಿದ್ದರು. "ಹಂಪಯ್ಯ, ಚಿಪ್ ಪೂರಾ ಖಾಲಿ ಇತ್ತು ಅಂತ ತೋರಿಸಿದ್ರಿ. ಮತ್ತ ನೀವು ಬರದಿದ್ದು ಎಲ್ಲಿಂದ ಬಂತು? ಇದ್ರಾಗ ನಮ್ಮ ಡಬ್ಬಿ ನಂಬರೇ ಅದ."

"ಇಂಟರ್ನೆಟ್‌ನ್ಯಾಗ ಎಲ್ಲಾ ಸಿಗ್ತಾವಮ್ಮ ಈಗ" ಎಂದರು ರಾಯರು ಅವನ ಪರವಾಗಿ. "ಹೌದಲ್ಲೋ ಹಂಪಯ್ಯ?"

ತಲೆಯಾಡಿಸಿದ್ದರೆ ಸಾಕಿತ್ತು. ಹೊಸ್ತಿಲ ಆಚೆ ದುರುಗವ್ವ ಡಬ್ಬಿಯ ಹಸಿರು ದೀಪಕ್ಕೆ ಎರಡೂ ಕೈ ಮುಗಿದು ನಿಂತಿದ್ದಳು.

"ಇಲ್ರಿ" ಎಂದ ಹಂಪಯ್ಯ. "ಇದು ಈ ಡಬ್ಬಿಯಾಗಿಂದಾನ ತಗದದ್ರಿ. ಹಬ್ಬದ ಹಿಂದ್ಲ ದಿನ. ನಾ ಬ್ಯಾಟರಿ ಹಾಕಾಕ ಬಂದಾಗ."

ಅವನು ಡಬ್ಬಿಯನ್ನು ನೋಡುತ್ತ ಹೇಳಿ ಮುಗಿಸಿದ. "ಸೀಲ್ ಎಬ್ಬಿಸಿ ತಗದೆ. ಓದಿದೆ. ಬರಿಯಾಕ ಹೋದೆ, ಅಳಿಸಿದ ಮ್ಯಾಲ ಕರೆಂಟು ಹೋತು. ಮುಚ್ಚಿಟ್ಟು ಹೋದೆ. ಪೂಜಿಗಿಂತ ಮೊದ್ಲ ಸತ್ತಿತ್ರಿ ಇದು. ನೀರು ಒಂದು ಹನಿ ಒಳಗ ಹೋಗಿಲ್ಲ, ನೋಡ್ರಿ ಬೇಕಾರ. ಆಕೀದು ಏನೇನೂ ತಪ್ಪಿಲ್ಲ."

ರಾಯರ ಮುಖ ಕೆಂಪಾಯಿತು. "ನಾ ನಿಮ್ಮನ್ನೇ ಕೇಳಿದ್ನಲ್ಲೋ ಮಾರಾಯ, ಅವತ್ತ! ನಿಮ್ ಮಾತಿನ ಮ್ಯಾಲೆ ನಾ ಓಣಿ ತುಂಬ ಹೇಳಿದೆ."

"ಹೌದ್ರಿ."

ದುರುಗವ್ವ ಹೊಸ್ತಿಲು ದಾಟಿ ಒಳಗೆ ಬಂದಳು. ನೇರ ಡಬ್ಬಿಯ ಬಳಿಗೆ ಹೋಗಿ, ಕಿಂಡಿಯಲ್ಲಿ ಒಣಗಿದ್ದ ಕುಂಕುಮವನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಆಮೇಲೆ ಅವನ ಕಡೆಗೆ ತಿರುಗಿದಳು.

"ನಿನ್ನೆ ಬಂದಿದ್ದಿ."

"ಬಂದಿದ್ದೆ."

"ಮನಿಯಾಗ ಕುಂತಿ. ನೀರು ಕುಡದಿ. ನಾ ನಿನ್ ಕಾಲು ಬೀಳ್ತೀನಿ ಅಂದೆ. ಕೇಳಿಸ್ಕೊಂತ ಕುಂತಿ."

ಹಂಪಯ್ಯ ಮೇಜಿನ ಮೇಲಿದ್ದ ಹರಿದ ಸೀಲನ್ನು ಕೈಗೆತ್ತಿಕೊಂಡ.

"ಲೇ ಹಂಪಯ್ಯಾ!" ಎಂದಳು ಅವಳು. ಆ ಹೆಸರಿನಿಂದ ಅವಳು ಅವನನ್ನು ಕರೆದದ್ದು ಅದೇ ಮೊದಲು. "ಗಿರಣ್ಯಾಗ ಹಿಟ್ಟು ತಿಂದು ಕೆಮ್ಮಿದಾಕಿ ನಾ. ಬೈಸ್ಕಳದು ನಂಗ ಹೊಸಾದಲ್ಲ. ಯಾರ ಬೈದ್ರೂ ದಕ್ಕಿಸ್ಕೊಂಡೀನಿ. ಆದ್ರ ನನ್ನ ನಾನಾ ಬೈಕೊಂಡ್ನೆಲ್ಲೋ! ದ್ಯಾವರಿಗೆ ಕೈ ಮುಗಿಯಾಕ ಅಂಜಿಕಿ ಹಚ್ಚಿದೆಲ್ಲೋ ನಂಗ! ಹೂವ ಮುಟ್ಟಾಕ ಅಂಜಿದೆ ನಾ!"

ಗೋಡೆಗೊರಗಿದ್ದ ತಾಯಕ್ಕ ಎಲ್ಲರ ಮುಖವನ್ನೂ ನೋಡುತ್ತ, "ಏನಂತ? ಏನಂತ ಆಕಿ?" ಎಂದು ಕೇಳುತ್ತಿದ್ದಳು. ಅವಳಿಗೆ ಯಾರೂ ಹೇಳಲಿಲ್ಲ.

ಶ್ರೀಲಕ್ಷ್ಮಿಯವರು ಕುರ್ಚಿಯಿಂದೆದ್ದು ದುರುಗವ್ವನ ಕೈ ಹಿಡಿದರು. "ನಂದೂ ತಪ್ಪದ ದುರುಗವ್ವ. ಮಂಗಳಾರತಿ ಎತ್ತಿದಾಕಿ ನಾನೂ. ನಿಂದೊಂದೇ ಹೆಸರು ಬಂದಾಗ ಸುಮ್ಮನಿದ್ದೆ. ಸೋಮವಾರದಿಂದ ಬಾ."

"ಬರ್ತೀನ್ರಿ. ಆದ್ರ ಸುಮ್ಮನ ಬರಂಗಿಲ್ಲ." ಅವಳು ಹಂಪಯ್ಯನ ಕಡೆಯಿಂದ ಕಣ್ಣು ತೆಗೆದಿರಲಿಲ್ಲ. "ಇಲ್ಲಿ ನಾಕು ಗೋಡಿ ನಡುವ ಹೇಳಿ ಕೈ ತೊಳ್ಕಂಡ್ರ ಮುಗೀಲಿಲ್ಲ. ವಡ್ಡಿನಾಗ ಮಂದಿ ನಂಗ ಹೆಸರಿಟ್ಟಾರ. ನಾಳೆ ಬಂದು ಆ ಚಾದಂಗಡಿ ಕಟ್ಟಿ ಮ್ಯಾಲ ನಿಂತು, ನಮ್ಮಕ್ಕನ್ನ ಕರದು, ಹೇಳ್ಬೇಕು. ಬರ್ತಿ?"

"ಬರ್ತೀನಿ."

ಮರುದಿನ ಭಾನುವಾರ, ಅಕ್ಟೋಬರ್ ಹನ್ನೊಂದು. ಮಳೆ ಬಿಟ್ಟಿತ್ತು, ರಸ್ತೆ ಕೆಂಪು ಕೆಸರಾಗಿತ್ತು. ವಡ್ಡುವಿನ ಕಟ್ಟೆಯ ಮೇಲೆ ಹತ್ತಾರು ಜನ ಚಹಾ ಹಿಡಿದು ಕೂತಿದ್ದರು. ಹುಲುಗಮ್ಮ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಅವಳ ಹಿಂದೆ, ಮನೆಯ ಬಾಗಿಲಲ್ಲಿ, ದುರುಗವ್ವ. ಹಂಪಯ್ಯ ಕಟ್ಟೆ ಹತ್ತಿ ನಿಂತು ಹೇಳಲು ಆರಂಭಿಸಿದ. ಚಿಪ್ಪು, ಕ್ಲಿಪ್ಪು, ಅಳಿಸಿದ್ದು, ಕರೆಂಟು ಹೋದದ್ದು. ಅಷ್ಟರಲ್ಲಿ ಗುಡ್ಡದ ಕಡೆಯಿಂದ ಲಾರಿಗಳ ಸಾಲು ಬಂತು. ಅವನ ಮಾತು ಅದರಲ್ಲಿ ಮುಳುಗಿತು. ಸಾಲು ದಾಟಿದ ಮೇಲೆ ಒಬ್ಬ ಮುದುಕ ಕಿವಿಗೆ ಅಂಗೈ ಹಿಡಿದು, "ಕೇಳಲಿಲ್ಲಪಾ. ಮೊದಲಿಂದ ಹೇಳು" ಎಂದ.

ಹಂಪಯ್ಯ ಮೊದಲಿಂದ ಹೇಳಿದ. ಅರ್ಧಕ್ಕೆ ಮತ್ತೊಂದು ಸಾಲು.

"ಇದೇನು ಚಿಪ್ಪೋ ಗಿಪ್ಪೋ ನಮಗ ತಿಳಿಯಂಗಿಲ್ಲಪಾ" ಎಂದ ಚಹಾದಂಗಡಿಯವನು, ಸದ್ದು ಅಡಗಿದ ಮೇಲೆ. "ಉದ್ದ ಎಳೀಬ್ಯಾಡ. ಮಿಷಿನ್ ಕೆಡಿಸಿದ್ದು ಯಾರು, ಅಷ್ಟು ಹೇಳು."

"ನಾನು."

"ಏನು?" ಎಂದ ಮುದುಕ.

"ನಾನು!" ಎಂದು ಹಂಪಯ್ಯ ಕೂಗಿದ. "ಕೆಡಿ‌ಸಿದ್ದು ನಾನು! ಆಕಿ ಅಲ್ಲ!"

ಮುಂದಿನ ಲಾರಿಗಳು ತಿರುವಿನಲ್ಲಿ ಕಾಣಿಸಿದ್ದವು. ಜೀವಮಾನದಲ್ಲಿ ಎಂದೂ ದನಿಯೇರಿಸದ ಹಂಪಯ್ಯ, ಅವು ಬಂದು ಮುಟ್ಟುವ ಮೊದಲು, ಬಾಗಿಲಲ್ಲಿ ನಿಂತವಳ ಕಡೆಗೆ ತಿರುಗಿ, ಗಂಟಲು ಬಿರಿಯುವಂತೆ ಮತ್ತೊಮ್ಮೆ ಅದನ್ನೇ ಕೂಗಿದ.